ಕಾವಲಿನ ಕಾವಲುಗಾರ: ಬೆರಕೆ ನಾಯಿಯ ಗುಣ ಮತ್ತು ಆರೋಗ್ಯ

ಕರೆಯುವ ಎಮ್ಮೆಗೆ ಹಿಂಡಿ ಇಡುತ್ತೇವೆ. ಉಳುವ ಎತ್ತಿಗೆ ಹುರುಳಿ ಬೇಯಿಸುತ್ತೇವೆ. ಕುರಿಗೆ ಮಳೆಗಾಲಕ್ಕೆ ಮುಂಚೆ ಕರುಳುಬೇನೆಯ ಲಸಿಕೆ, ಆಮೇಲೆ ಜಂತಿನ ಔಷಧ ಎಂದು ಲೆಕ್ಕ ಇಟ್ಟಿರುತ್ತೇವೆ. ಇವೆಲ್ಲವನ್ನೂ ರಾತ್ರಿಯಿಡೀ ಕಾಯುವ ನಾಯಿಗೆ ಮಾತ್ರ ಯಾವ ಲೆಕ್ಕವೂ ಇಲ್ಲ. ಮಿಕ್ಕ ಮುದ್ದೆ, ತಂಗಳು ಸಾರು, ಹಬ್ಬದ ದಿನ ಒಂದಿಷ್ಟು ಮೂಳೆ, ಇಷ್ಟರಲ್ಲೇ ಅದರ ಜೀವನ. ‘ಅದು ಕಂತ್ರಿ ನಾಯಿ, ಅದಕ್ಕೇನಾಗುತ್ತೆ?’ ಎಂಬುದು ಎಲ್ಲರ ಬಾಯಲ್ಲೂ ಬರುವ ಮಾತು. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧ ಮಾತ್ರ ಕುರಿಗೂ, ಕುರಿಗಾಹಿಗೂ, ಅವನ ಮನೆಯ ಮಕ್ಕಳಿಗೂ ಅಪಾಯ ತರುವಂಥದು.

ಹುಲ್ಲುಗಾವಲಿನ ನಾಡು

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಸೀಮೆಗೆ ಸೇರಿದವು. ಶೇಂಗಾ ಕೈಕೊಟ್ಟ ವರ್ಷ ಸಂಸಾರ ನಿಲ್ಲುವುದು ಕುರಿಯ ಮೇಲೆ. ಚಳ್ಳಕೆರೆಯ ಕಂಬಳಿಗೆ ಹೆಸರು ಬಂದದ್ದೂ ಈ ಕುರಿಗಳಿಂದಲೇ. ನಾಯಕನಹಟ್ಟಿ ಕಡೆಯ ವರವು ಕಾವಲ್, ಕುದಾಪುರ, ಅತ್ತ ಉಳ್ಳಾರ್ತಿ ಮೊದಲಾದ ಹುಲ್ಲುಗಾವಲುಗಳು ಹಿಂದೆ ಮೈಸೂರು ಅರಸರ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದವು. ಮುಂದೆ ಸುತ್ತಲ ಹಟ್ಟಿಗಳ ಕುರಿ, ಮೇಕೆ, ದನಗಳಿಗೂ ಅವೇ ಆಸರೆಯಾದವು. ಕಾವಲಿನ ಕುರುಚಲಿನಲ್ಲಿ ಕೃಷ್ಣಮೃಗ, ಮೊಲ, ನರಿಗಳ ಜೊತೆಗೆ ತೋಳವೂ ಉಂಟು. ತೋಳವಿದ್ದ ಕಡೆ ನಾಯಿಯಿಲ್ಲದೆ ಮಂದೆ ಇಲ್ಲ.

2008ರ ನಂತರದ ವರ್ಷಗಳಲ್ಲಿ ಈ ಕಾವಲುಗಳ ಬಹುಭಾಗ ಸರ್ಕಾರಿ ಸಂಶೋಧನಾ ಸಂಸ್ಥೆಗಳಿಗೆ ಹೋಯಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರ 2017ರ ಮೇ 28ರಂದು ಉದ್ಘಾಟನೆಯಾದದ್ದು ಈ ವರವು ಕಾವಲಿನಲ್ಲೇ, ಸುಮಾರು 4,290 ಎಕರೆ ಜಾಗದಲ್ಲಿ. ಗೋಡೆ ಎದ್ದ ಮೇಲೆ ಮಂದೆಗಳು ಉಳಿದ ಜಾಗಕ್ಕೆ ಒತ್ತಾಗಿವೆ. ಒಂದೇ ಹುಲ್ಲಿನ ಮೇಲೆ ಹಲವು ಮಂದೆ ಮೇಯುವಾಗ, ಒಂದೇ ಗುಂಡಿಯ ನೀರನ್ನು ಹಲವು ನಾಯಿ ಕುಡಿಯುವಾಗ, ಒಬ್ಬನ ನಾಯಿಯ ರೋಗ ಇನ್ನೊಬ್ಬನ ಕುರಿಗೆ ದಾಟುವುದು ಸುಲಭ. ಆದ್ದರಿಂದ ನಾಯಿಯ ಆರೋಗ್ಯ ಈಗ ಒಬ್ಬರ ಮನೆಯ ಮಾತಾಗಿ ಉಳಿದಿಲ್ಲ.

ಬೆರಕೆ ಎಂದರೇನು?

ಇಂಗ್ಲಿಷಿನ ‘ಕಂಟ್ರಿ’ ಎಂಬ ಮಾತೇ ಜನರ ನಾಲಿಗೆಯಲ್ಲಿ ‘ಕಂತ್ರಿ’ಯಾಯಿತು ಎನ್ನುತ್ತಾರೆ. ಅಂದರೆ ನಾಡಿನ ನಾಯಿ ಎಂದರ್ಥ. ಅದರಲ್ಲಿ ಕೀಳೇನೂ ಇಲ್ಲ. ನಮ್ಮ ಊರ ನಾಯಿ ಯಾವುದೋ ಎರಡು ಜಾತಿ ಕೆಟ್ಟು ಹುಟ್ಟಿದ್ದಲ್ಲ. ಯಾರೂ ಆರಿಸಿ ಬೆಳೆಸದೆ, ಈ ಬಿಸಿಲು, ಈ ಹಸಿವು, ಈ ಕಲ್ಲುನೆಲವೇ ಆರಿಸಿ ಉಳಿಸಿದ ಹಳೆಯ ನಾಯಿ ಅದು. ಗಿಡ್ಡ ಕೂದಲು, ನಿಮಿರಿದ ಕಿವಿ, ಬೆನ್ನ ಮೇಲೆ ಸುರುಳಿಯಾದ ಬಾಲ, ಹಿಡಿದ ಹೊಟ್ಟೆ, ಗಟ್ಟಿ ಪಾದ ಇದರ ಲಕ್ಷಣ. ತೂಕ ಸಾಮಾನ್ಯವಾಗಿ 12ರಿಂದ 20 ಕಿಲೋ.

ಇದರ ಜೊತೆಗೆ ಬೇರೆ ರಕ್ತವೂ ಕೂಡಿದೆ. ಉತ್ತರದಿಂದ ಬಂದ ಮುಧೋಳ ನಾಯಿಯ ಬೆರಕೆಯಾದರೆ ಮುಖ ಉದ್ದ, ಕಾಲು ಉದ್ದ, ಎದೆ ಆಳ. ಪೇಟೆಯಿಂದ ಬಂದ ಅಲ್ಸೇಷಿಯನ್ ಅಥವಾ ಪಮೇರಿಯನ್ ಬೆರಕೆಯಾದರೆ ಕೂದಲು ಒತ್ತು. ಮುಧೋಳ ನಾಯಿ ಹೆಸರುವಾಸಿಯಾದ ತಳಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವೂ ಇದೆ. ಆದರೆ ಅದು ಕಣ್ಣಿಗೆ ಕಂಡದ್ದನ್ನು ಅಟ್ಟಿ ಹಿಡಿಯುವ ಬೇಟೆ ನಾಯಿ ಎಂಬುದನ್ನು ಮರೆಯಬಾರದು. ಅದರ ರಕ್ತ ಹೆಚ್ಚಾದ ಬೆರಕೆ, ಮಂದೆಯ ಹತ್ತಿರ ನಿಲ್ಲುವ ಬದಲು ಮೊಲದ ಹಿಂದೆ ಮೈಲಿಗಟ್ಟಲೆ ಓಡಬಹುದು. ಕೃಷ್ಣಮೃಗ ಕಾಯಿದೆಯ ರಕ್ಷಣೆಯಿರುವ ಪ್ರಾಣಿ. ನಾಯಿ ಬಿಟ್ಟು ಅದನ್ನು ಹಿಡಿಸುವುದು ಅಪರಾಧ. ಮಂದೆಗೆ ಬೇಕಾದದ್ದು ಓಡುವ ನಾಯಿಯಲ್ಲ, ನಿಲ್ಲುವ ನಾಯಿ.

ಹಾಗಾದರೆ ಮರಿಯ ರೂಪ ನೋಡಿ ಅದರ ಗುಣ ಹೇಳಬಹುದೇ? ಬಹುಮಟ್ಟಿಗೆ ಇಲ್ಲ. 2022ರಲ್ಲಿ ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ಲೆಕ್ಕ ಹಾಕಿ ಪ್ರಕಟಿಸಿದರು. ನಾಯಿನಾಯಿಗೆ ಕಾಣುವ ಗುಣಭೇದದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಶೇಕಡಾ 9ರಷ್ಟು ಮಾತ್ರ. ಉಳಿದದ್ದು ಆಯಾ ನಾಯಿಯ ಸ್ವಂತದ್ದು, ಮತ್ತು ಅದು ಬೆಳೆದ ರೀತಿಯದು. ಕಿವಿ ನೋಡಿ ನಾಯಿ ತರುವುದಕ್ಕಿಂತ ತಾಯಿಯ ನಡತೆ ನೋಡಿ ತರುವುದು ಲೇಸು.

ಮರಿ ಸಾಕುವ ಕಾಲ

ಮರಿಯನ್ನು ಕಣ್ಣು ಬಿಟ್ಟ ಕೂಡಲೇ ತಾಯಿಯಿಂದ ಅಗಲಿಸಬಾರದು. ಏಳೆಂಟು ವಾರ ತಾಯಿಯ ಜೊತೆಗಿದ್ದ ಮರಿ ಹಾಲಿನ ಶಕ್ತಿಯನ್ನೂ ಪಡೆಯುತ್ತದೆ, ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬ ಪಾಠವನ್ನೂ ಕಲಿಯುತ್ತದೆ. ಮೂರನೇ ವಾರದಿಂದ ಮೂರು ನಾಲ್ಕು ತಿಂಗಳವರೆಗಿನ ಕಾಲ ಬಹಳ ಮುಖ್ಯ. ಆಗ ಯಾರ ಜೊತೆ ಬೆಳೆಯುತ್ತದೋ ಅವರನ್ನೇ ತನ್ನವರೆಂದು ನಾಯಿ ಎಣಿಸುತ್ತದೆ. ಈ ಅವಧಿಯಲ್ಲಿ ಮರಿಯನ್ನು ಕುರಿ ರೊಪ್ಪದಲ್ಲೇ ಮಲಗಿಸಿ, ಕುರಿಮರಿಗಳ ಜೊತೆ ಬಿಟ್ಟರೆ ದೊಡ್ಡದಾದ ಮೇಲೆ ಅದು ಮಂದೆ ಬಿಟ್ಟು ಹೋಗದು. ಮನೆಯ ಮಕ್ಕಳು, ಅಪರಿಚಿತರು, ಬೈಕಿನ ಸದ್ದು ಇವೂ ಆಗಲೇ ರೂಢಿಯಾಗಬೇಕು. ಸದಾ ಸರಪಳಿಯಲ್ಲಿ ಬೆಳೆದ ನಾಯಿ ಕಾವಲುಗಾರನಾಗುವುದಿಲ್ಲ, ಕಚ್ಚುವ ನಾಯಿಯಾಗುತ್ತದೆ.

ಗಟ್ಟಿತನದ ಗುಟ್ಟು

ಬೆರಕೆ ನಾಯಿಗೆ ರೋಗವೇ ಬಾರದು ಎಂಬ ನಂಬಿಕೆಯನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ. ಒಂದೇ ರಕ್ತದೊಳಗೆ ಸಂಬಂಧ ಬೆಳೆಸುತ್ತ ಹೋದ ಜಾತಿ ನಾಯಿಗಳಲ್ಲಿ ಕೆಲವು ವಂಶದ ರೋಗಗಳು ಹೆಚ್ಚು. ಅಮೆರಿಕದ ಕ್ಯಾಲಿಫೋರ್ನಿಯಾದ ಪಶುವೈದ್ಯ ಆಸ್ಪತ್ರೆಯೊಂದರಲ್ಲಿ 27,000ಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿ 2013ರಲ್ಲಿ ವರದಿ ಪ್ರಕಟವಾಯಿತು. ಪರಿಶೀಲಿಸಿದ 24 ವಂಶಪಾರಂಪರ್ಯ ದೋಷಗಳಲ್ಲಿ 10 ದೋಷಗಳು ಜಾತಿ ನಾಯಿಗಳಲ್ಲಿ ಹೆಚ್ಚಾಗಿದ್ದವು. ಒಂದು, ಹಿಂಗಾಲಿನ ಮೊಣಕಾಲಿನ ಕಟ್ಟು ಹರಿಯುವುದು, ಬೆರಕೆಯಲ್ಲೇ ಹೆಚ್ಚು. ಉಳಿದ 13ರಲ್ಲಿ ವ್ಯತ್ಯಾಸವಿರಲಿಲ್ಲ. ಅಂದರೆ ಬೆರಕೆಗೆ ಅನುಕೂಲ ಇರುವುದು ನಿಜ, ಆದರೆ ಅದು ಕವಚವಲ್ಲ.

ಇನ್ನು ಅಂಟುರೋಗಗಳ ಮಾತು. ಇವಕ್ಕೆ ಜಾತಿ ಕಂತ್ರಿ ಎಂಬ ಭೇದವಿಲ್ಲ. ಊರ ನಾಯಿ ಈದ ಆರು ಮರಿಗಳಲ್ಲಿ ವರ್ಷ ತುಂಬುವ ಹೊತ್ತಿಗೆ ಎಷ್ಟು ಉಳಿಯುತ್ತವೆ ಎಂದು ಎಣಿಸಿ ನೋಡಿದರೆ ಗುಟ್ಟು ತಿಳಿಯುತ್ತದೆ. ಸತ್ತ ಮರಿಗಳು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಬದುಕಿದ್ದನ್ನು ನೋಡಿ ‘ಗಟ್ಟಿ ನಾಯಿ’ ಎನ್ನುತ್ತೇವೆ. ‘ನಮ್ಮ ತಾತನ ನಾಯಿಗೆ ಯಾವ ಸೂಜಿ ಹಾಕಿಸಿದ್ದರು?’ ಎಂದು ಕೇಳುವವರುಂಟು. ಅದಕ್ಕೆ ಉತ್ತರವಿದೆ. ಮರಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೋ ಎಂಬ ರೋಗ 1978ಕ್ಕೆ ಮುಂಚೆ ಜಗತ್ತಿಗೆ ಗೊತ್ತೇ ಇರಲಿಲ್ಲ. ಆಮೇಲೆ ಕೆಲವೇ ವರ್ಷಗಳಲ್ಲಿ ಎಲ್ಲ ದೇಶಗಳಿಗೂ ಹರಡಿತು. ತಾತನ ನಾಯಿ ಕಾಣದ ರೋಗವನ್ನು ಇಂದಿನ ಮರಿ ಎದುರಿಸಬೇಕಾಗಿದೆ. ವಾಂತಿ, ನಾರುವ ರಕ್ತಭೇದಿ, ಮೇವು ಮುಟ್ಟದಿರುವುದು ಇದರ ಲಕ್ಷಣ. ಕಣ್ಣು ಮೂಗಿನಲ್ಲಿ ಕೀವು ಸೋರಿ, ಜ್ವರ ಬಂದು, ಕೊನೆಗೆ ಮೈ ಅದುರಿ ಫಿಟ್ಸ್ ಬರುವುದು ಡಿಸ್ಟೆಂಪರ್. ಎರಡಕ್ಕೂ ಸೇರಿದ ಲಸಿಕೆಯನ್ನು ಆರರಿಂದ ಎಂಟು ವಾರದ ಮರಿಗೆ ಮೊದಲು ಹಾಕಿಸಿ, ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಹಾಕಿಸಬೇಕು.

ನಾಯಿಯಿಂದ ಕುರಿಗೆ, ಕುರಿಯಿಂದ ನಾಯಿಗೆ

ಮಂದೆಯಲ್ಲಿ ಒಂದು ಎಳೆಯ ಕುರಿ ತಲೆ ವಾರೆ ಮಾಡಿಕೊಂಡು ಒಂದೇ ಕಡೆಗೆ ಗಿರಗಿರನೆ ಸುತ್ತುತ್ತದೆ. ಮಂದೆಯ ಜೊತೆ ಹೋಗದೆ ಹಿಂದುಳಿಯುತ್ತದೆ, ಬೇಲಿಗೆ ಹಾಯುತ್ತದೆ, ಕೊನೆಗೆ ಬೀಳುತ್ತದೆ. ಗಾಳಿ ಸೋಕಿತು ಎಂದು ತಾಯತ ಕಟ್ಟುವವರೂ ಇದ್ದಾರೆ. ಅದರ ಮಿದುಳಿನಲ್ಲಿ ಮೊಟ್ಟೆಯಂಥ ನೀರುಗುಳ್ಳೆ ಬೆಳೆದಿರಬಹುದು. ಅದು ಒಂದು ಲಾಡಿಹುಳುವಿನ ಮರಿ. ಅದರ ತಾಯಿ ಹುಳು ಇರುವುದು ನಾಯಿಯ ಕರುಳಿನಲ್ಲಿ.

ಇದು ನಡೆಯುವ ಬಗೆ ಹೀಗೆ. ಸುತ್ತುರೋಗದ ಕುರಿ ಸಾಯುತ್ತದೆ ಅಥವಾ ಅದನ್ನು ಕೊಯ್ಯುತ್ತಾರೆ. ತಲೆಯನ್ನು ನಾಯಿಗೆ ಎಸೆಯುತ್ತಾರೆ. ಗುಳ್ಳೆಯೊಳಗಿನ ಹುಳುತಲೆಗಳು ನಾಯಿಯ ಕರುಳಲ್ಲಿ ಲಾಡಿಹುಳುಗಳಾಗಿ ಬೆಳೆದು, ಸುಮಾರು ಆರು ವಾರಕ್ಕೆ ಮೊಟ್ಟೆ ಇಡತೊಡಗುತ್ತವೆ. ನಾಯಿಯ ಮಲದೊಂದಿಗೆ ಮೊಟ್ಟೆ ಹುಲ್ಲಿಗೆ ಬೀಳುತ್ತದೆ. ಆ ಹುಲ್ಲನ್ನು ಎಳೆಯ ಕುರಿ ಮೇಯುತ್ತದೆ. ಕಾವಲಿನ ಸುಡು ಬಿಸಿಲಿಗೆ ಮೊಟ್ಟೆಗಳು ಒಣಗಿ ಸಾಯುತ್ತವೆ. ಆದರೆ ರೊಪ್ಪದ ನೆರಳಲ್ಲಿ, ನೀರಿನ ಗುಂಡಿಯ ತೇವದಲ್ಲಿ, ಮಳೆಗಾಲದ ಹಸಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ಮೂಲೆಯಲ್ಲಿ ಮಲಗಿರುವ ನಾಯಿಗೆ ಮಾತ್ರ ಹೊರಗಿನಿಂದ ಏನೂ ಆದಂತೆ ಕಾಣುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದು ಲಾಡಿಹುಳು. ಅದರ ಉದ್ದ ಬರೀ ಮೂರರಿಂದ ಆರು ಮಿಲಿಮೀಟರು. ನಾಯಿಯ ಮಲದಲ್ಲಿ ಬರಿಗಣ್ಣಿಗೆ ಕಾಣುವುದೇ ಕಷ್ಟ. ಅದರ ಮೊಟ್ಟೆ ಕುರಿಯ ಹೊಟ್ಟೆ ಸೇರಿದರೆ ಈಲಿ ಮತ್ತು ಶ್ವಾಸಕೋಶಗಳಲ್ಲಿ ನೀರುಗಡ್ಡೆಗಳಾಗುತ್ತವೆ. ಕುರಿ ಕೊಯ್ದಾಗ ಈಲಿಯ ಮೇಲೆ ಕಾಣುವ ಬಿಳಿಯ ನೀರುಗುಳ್ಳೆಗಳು ಅನೇಕ ಸಲ ಇವೇ. ಕೆಟ್ಟ ಈಲಿ ಎಂದು ಅದನ್ನು ಕೊಯ್ದು ನಾಯಿಗೆ ಹಾಕಿದರೆ ಚಕ್ರ ಪೂರ್ತಿಯಾಯಿತು. ಅದೇ ಮೊಟ್ಟೆ ಮನುಷ್ಯನ ಹೊಟ್ಟೆಗೂ ಹೋಗುತ್ತದೆ. ನಾಯಿಯ ಮೈ ಸವರಿದ ಕೈಯಲ್ಲೇ ಮುದ್ದೆ ಮುರಿದರೆ ಸಾಕು. ಗಡ್ಡೆ ಮನುಷ್ಯನಲ್ಲೂ ಈಲಿ, ಶ್ವಾಸಕೋಶದಲ್ಲೇ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಕೊನೆಗೆ ಶಸ್ತ್ರಚಿಕಿತ್ಸೆಗೆ ತರಬಹುದು.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಮೊದಲನೆಯದು, ಕುರಿ ಮೇಕೆಗಳ ತಲೆ, ಈಲಿ, ಶ್ವಾಸಕೋಶಗಳನ್ನು ಹಸಿಯಾಗಿ ನಾಯಿಗೆ ಎಂದೂ ಹಾಕಬಾರದು. ಹಾಕಲೇಬೇಕಾದರೆ ತುಂಡುಮಾಡಿ ಅರ್ಧ ಗಂಟೆ ಕೊತಕೊತ ಕುದಿಸಿ ಹಾಕಬೇಕು. ಎರಡನೆಯದು, ಸತ್ತ ಕುರಿಯನ್ನು ಹಳ್ಳಕ್ಕೆ ಎಸೆಯದೆ ನಾಯಿ ಕೆದರದಷ್ಟು ಆಳಕ್ಕೆ ಹೂಳಿ ಮೇಲೆ ಕಲ್ಲು ಹೇರಬೇಕು. ಪರಿಷೆ, ಬೀಗರೂಟಗಳ ದಿನ ಇದಕ್ಕೆ ಮೊದಲೇ ಗುಂಡಿ ತೋಡಿಡುವುದು ಒಳ್ಳೆಯದು. ಮೂರನೆಯದು, ಪ್ರಾಜಿಕ್ವಾಂಟೆಲ್ ಇರುವ ಲಾಡಿಹುಳುವಿನ ಮಾತ್ರೆ. ತೂಕಕ್ಕೆ ತಕ್ಕಂತೆ ಪಶುವೈದ್ಯರು ಕೊಡುವ ಈ ಮಾತ್ರೆಯನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು. ಹಸಿ ಮಾಂಸ ಸಿಗುವ ಸಂಭವವಿದ್ದರೆ ಆರು ವಾರಕ್ಕೊಮ್ಮೆ ಕೊಡುವುದು ಲೇಸು. ಹುಳು ಮೊಟ್ಟೆ ಇಡುವ ಮೊದಲೇ ಸಾಯುತ್ತದೆ. ಮಾತ್ರೆ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಯನ್ನಲ್ಲ. ಆದ್ದರಿಂದ ಮಾತ್ರೆ ಕೊಟ್ಟ ಎರಡು ದಿನ ನಾಯಿಯನ್ನು ಕಟ್ಟಿಹಾಕಿ, ಮಲವನ್ನು ಹೂಳಬೇಕು ಅಥವಾ ಸುಡಬೇಕು. ಒಬ್ಬನೇ ಮಾಡಿದರೆ ಫಲ ಅರ್ಧ. ಒಂದೇ ಬಯಲಲ್ಲಿ ಮೇಯಿಸುವ ಹಟ್ಟಿಗಳೆಲ್ಲ ಒಂದೇ ದಿನ ಕೊಟ್ಟರೆ ಫಲ ಪೂರ್ತಿ.

ಇದು ಆಗದ ಮಾತಲ್ಲ. ಕುರಿಯೇ ಜೀವನವಾದ ಐಸ್‌ಲೆಂಡ್ ದೇಶದಲ್ಲಿ ಒಂದು ಕಾಲಕ್ಕೆ ಈ ನೀರುಗಡ್ಡೆ ರೋಗ ಮನೆಮನೆಯಲ್ಲಿತ್ತು. 1860ರ ದಶಕದಲ್ಲಿ ಅಲ್ಲಿನ ರೈತರಿಗೆ ಒಂದು ಕಿರುಹೊತ್ತಿಗೆ ಹಂಚಿ, ನಾಯಿಗೆ ಹಸಿ ಅಂಗಾಂಗ ಹಾಕಬೇಡಿ ಎಂದು ತಿಳಿಸಿದರು. ರೋಗ ಕ್ರಮೇಣ ಅಳಿಯಿತು. ಕುರಿಗೆ ಹೆಸರಾದ ನ್ಯೂಜಿಲೆಂಡ್ ಕೂಡ 2002ರಲ್ಲಿ ತನ್ನ ನೆಲ ಈ ರೋಗದಿಂದ ಮುಕ್ತವಾಯಿತೆಂದು ಘೋಷಿಸಿತು.

ಹುಚ್ಚುನಾಯಿ ರೋಗ

ರೇಬೀಸ್ ಅಥವಾ ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ, ನಾಯಿಯಾಗಲಿ ಬದುಕುವುದಿಲ್ಲವೆಂದೇ ತಿಳಿಯಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆಂದು ಅಂದಾಜು. ಅವರಲ್ಲಿ ಬಹಳ ಜನ ಮಕ್ಕಳು. ಕಾವಲಿನ ನಾಯಿ ತೋಳ, ನರಿ, ಊರ ನಾಯಿ ಎಲ್ಲದರ ಜೊತೆಗೂ ಕಾದಾಡುವುದರಿಂದ ಅದಕ್ಕೆ ಅಪಾಯ ಹೆಚ್ಚು.

ಹುಚ್ಚು ಹಿಡಿದ ನಾಯಿ ನೀರಿಗೆ ಹೆದರುತ್ತದೆ ಎಂಬ ಮಾತನ್ನು ನಂಬಿ ಕೂರಬಾರದು. ನೀರಿನ ಭಯ ಮನುಷ್ಯನಲ್ಲಿ ಕಾಣುವ ಲಕ್ಷಣ. ಹುಚ್ಚುನಾಯಿ ನೀರಿಗೆ ಬಾಯಿ ಹಾಕಬಹುದು. ಸಿಕ್ಕಿದ್ದನ್ನೆಲ್ಲ ಕಚ್ಚುತ್ತ ಓಡುವುದು ಒಂದು ಬಗೆ. ಇನ್ನೊಂದು ಬಗೆ ಮೌನದ್ದು: ನಾಯಿ ಕತ್ತಲೆ ಮೂಲೆ ಸೇರುತ್ತದೆ, ಕೆಳದವಡೆ ಜೋಲುತ್ತದೆ, ಜೊಲ್ಲು ಸುರಿಯುತ್ತದೆ, ದನಿ ಬದಲಾಗುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದು ಮಾಲೀಕ ಬಾಯಿಗೆ ಕೈ ಹಾಕುವುದು ಇಲ್ಲೇ. ಅಂಥ ನಾಯಿಯ ಬಾಯಿಗೆ ಕೈ ಹಾಕಬೇಡಿ. ದೂರದಿಂದಲೇ ಕೂಡಿಹಾಕಿ ಪಶುವೈದ್ಯರಿಗೆ ಹೇಳಿಕಳಿಸಿ.

ನಾಯಿ ಕಚ್ಚಿದರೆ ಅಥವಾ ಪರಚಿದರೆ, ಮರಿಯೇ ಆಗಿರಲಿ, ಮನೆಯ ನಾಯಿಯೇ ಆಗಿರಲಿ, ಮೊದಲ ಔಷಧ ಸಾಬೂನು ಮತ್ತು ನೀರು. ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಅರಿಸಿನ, ಎಣ್ಣೆ ಯಾವುದನ್ನೂ ಮೆತ್ತಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಗಾಯ ರಕ್ತ ಬರುವಷ್ಟು ಆಳವಾಗಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬುಲಿನ್ ಎಂಬ ಮದ್ದನ್ನೂ ಹಾಕಿಸಬೇಕು. ಅದನ್ನು ಕೇಳಿ ಹಾಕಿಸಿಕೊಳ್ಳಿ. ಹೊಕ್ಕುಳ ಸುತ್ತ 14 ಸೂಜಿ ಎಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. 2005ರ ಹೊತ್ತಿಗೆ ನಮ್ಮ ದೇಶ ಅದನ್ನು ಕೈಬಿಟ್ಟಿತು. ಈಗಿನದನ್ನು ತೋಳಿಗೆ ನಾಲ್ಕೈದು ಬಾರಿ ಹಾಕುತ್ತಾರೆ. ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಬಾರದು. ಕುರಿ, ದನಗಳನ್ನು ಸಂಶಯದ ನಾಯಿ ಕಚ್ಚಿದರೂ ಹೀಗೆಯೇ ಗಾಯ ತೊಳೆದು, ಪಶುವೈದ್ಯರಿಂದ ಲಸಿಕೆ ಹಾಕಿಸಬೇಕು.

ನಾಯಿಗೆ ಮೂರು ತಿಂಗಳು ತುಂಬಿದಾಗ ಮೊದಲ ರೇಬೀಸ್ ಲಸಿಕೆ, ವೈದ್ಯರು ಹೇಳಿದಾಗ ಇನ್ನೊಮ್ಮೆ, ಆಮೇಲೆ ವರ್ಷಕ್ಕೊಂದು. ಲೂಯಿ ಪಾಶ್ಚರ್ ತೀರಿಕೊಂಡ ದಿನವಾದ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಅನೇಕ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುತ್ತಾರೆ. 2030ರೊಳಗೆ ನಾಯಿಯಿಂದ ಮನುಷ್ಯನಿಗೆ ಬರುವ ರೇಬೀಸನ್ನು ಇಲ್ಲವಾಗಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2021ರ ಇದೇ ದಿನ ಪ್ರಕಟಿಸಿತು. ಅದು ಕೈಗೂಡುವುದು ಸೂಜಿ ಹಟ್ಟಿಯ ನಾಯಿಗೂ ತಲುಪಿದಾಗ.

ಇತರ ತೊಂದರೆಗಳು

ಉಣ್ಣಿ ಕಚ್ಚಿ ಬರುವ ಜ್ವರದಲ್ಲಿ ನಾಯಿ ಸೊರಗುತ್ತದೆ, ವಸಡು ಬಿಳಿಚುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಬೇಗ ತೋರಿಸಿದರೆ ಗುಣವಾಗುತ್ತದೆ. ಕಜ್ಜಿಗೆ ಸೀಮೆಎಣ್ಣೆ, ಸುಟ್ಟ ಇಂಜಿನ್ ಆಯಿಲ್, ಬೆಳೆಗೆ ಹೊಡೆಯುವ ಔಷಧ ಬಳಿಯಬಾರದು. ನಾಯಿ ಮೈ ನೆಕ್ಕಿ ವಿಷವೇರುತ್ತದೆ. ಕುರಿಗೆ ತಂದ ಐವರ್‌ಮೆಕ್ಟಿನ್ ಮದ್ದನ್ನು ಅಂದಾಜಿನಲ್ಲಿ ನಾಯಿಗೆ ಕೊಡುವುದೂ ಸಲ್ಲದು. ಕೆಲವು ವಿದೇಶಿ ಕುರಿನಾಯಿಗಳ ರಕ್ತವಿದ್ದರೆ ಅದು ಪ್ರಾಣಕ್ಕೇ ಎರವಾಗಬಹುದು. ಬೆರಕೆಯಲ್ಲಿ ಯಾವ ರಕ್ತವಿದೆಯೋ ಯಾರು ಬಲ್ಲರು? ಮನುಷ್ಯರ ನೋವಿನ ಮಾತ್ರೆಗಳೂ ನಾಯಿಗೆ ವಿಷವೇ.

ತಿರುಗಾಡುವ ನಾಯಿಗಳ ಜನನಾಂಗದಲ್ಲಿ ಹೂಕೋಸಿನಂಥ ರಕ್ತ ಸೋರುವ ಗಂತಿ ಕಾಣಿಸುವುದುಂಟು. ಅದು ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಅಂಟುವ ಗಂತಿ. ವಾರಕ್ಕೊಂದರಂತೆ ಕೆಲವು ಸೂಜಿಗಳಿಂದ ಬಹುತೇಕ ವಾಸಿಯಾಗುತ್ತದೆ, ನಾಯಿಯನ್ನು ಕೈಬಿಡಬೇಕಿಲ್ಲ. ಹೆಣ್ಣು ನಾಯಿ 63 ದಿನಕ್ಕೆ ಮರಿ ಹಾಕಿ, ಸಾಮಾನ್ಯವಾಗಿ ವರ್ಷಕ್ಕೆರಡು ಸಲ ಬೆದೆಗೆ ಬರುತ್ತದೆ. ಮರಿ ಬೇಡವಾದರೆ ಸಂತಾನಹರಣ ಚಿಕಿತ್ಸೆ ಮಾಡಿಸುವುದು ಮರಿಗಳನ್ನು ರಸ್ತೆಗೆ ಬಿಡುವುದಕ್ಕಿಂತ ಸಾವಿರ ಪಾಲು ಮೇಲು.

ಆಹಾರದಲ್ಲಿ ಮುದ್ದೆ, ಮಜ್ಜಿಗೆ ಹೊಟ್ಟೆ ತುಂಬಿಸುತ್ತವೆ, ಮೈ ಕಟ್ಟುವುದಿಲ್ಲ. ವಾರಕ್ಕೆ ಒಂದೆರಡು ಬಾರಿಯಾದರೂ ಬೇಯಿಸಿದ ಮೊಟ್ಟೆ ಅಥವಾ ಬೇಯಿಸಿದ ಮಾಂಸ ಬೇಕು. ಈರುಳ್ಳಿ ಹೆಚ್ಚಾದ ಸಾರು ಒಳ್ಳೆಯದಲ್ಲ. ಶೇಂಗಾ ಸೀಮೆಯಲ್ಲಿ ಇನ್ನೊಂದು ಎಚ್ಚರ: ಬೂಷ್ಟು ಹಿಡಿದ ಶೇಂಗಾ, ಹಿಂಡಿಗಳನ್ನು ನಾಯಿಗೆ ಹಾಕಬೇಡಿ. ಅದರ ವಿಷ ನಾಯಿಯ ಈಲಿಯನ್ನು ಕೆಡಿಸುತ್ತದೆ. ಬೇಸಗೆಯಲ್ಲಿ ನೆರಳು, ನೀರು ತಪ್ಪಿಸಬಾರದು. ನಾಯಿ ಮೈಯೆಲ್ಲ ಬೆವರಿ ತಂಪಾಗುವ ಪ್ರಾಣಿಯಲ್ಲ, ಏದುಸಿರಿನಲ್ಲೇ ತಂಪಾಗಬೇಕು. ಏದುಸಿರು ನಿಲ್ಲದೆ ತೂರಾಡಿದರೆ ಮೈಗೆ ನೀರು ಸುರಿದು ಗಾಳಿ ಬೀಸಬೇಕು.

ವರ್ಷದ ಲೆಕ್ಕ

ಒಟ್ಟಿನಲ್ಲಿ ಬೆಳೆದ ನಾಯಿಗೆ ವರ್ಷಕ್ಕೆ ಒಂದು ರೇಬೀಸ್ ಸೂಜಿ, ಒಂದು ಪಾರ್ವೋ–ಡಿಸ್ಟೆಂಪರ್ ಸೂಜಿ, ಕನಿಷ್ಠ ನಾಲ್ಕು ಬಾರಿ ಜಂತಿನ ಮಾತ್ರೆ. ಮರಿಗಾದರೆ ಎರಡು ವಾರದಿಂದಲೇ ಹದಿನೈದು ದಿನಕ್ಕೊಮ್ಮೆ ಮೂರು ತಿಂಗಳವರೆಗೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತಿನ ಔಷಧ. ನೆನಪಿಗಾಗಿ ಕುರಿಗೆ ಲಸಿಕೆ ಹಾಕಿಸುವ ದಿನವೇ ನಾಯಿಯನ್ನೂ ಹಿಡಿದು ತರುವುದು ಅನುಕೂಲ. ಇಷ್ಟಕ್ಕೆ ಆಗುವ ಖರ್ಚನ್ನೂ, ಸುತ್ತುರೋಗದಿಂದ ಸಾಯುವ ಒಂದು ಕುರಿಯ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ದುಬಾರಿ ಎಂಬುದು ಕುರಿಗಾಹಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಂದೆಯ ಲೆಕ್ಕದ ಪುಸ್ತಕದಲ್ಲಿ ಕುರಿಗಳ ಸಾಲಿನ ಕೆಳಗೆ ನಾಯಿಗೂ ಒಂದು ಸಾಲು ಇರಲಿ.